ಬಾರೂಕ ಸ್ಪಿನೋಜನ ಚರಿತ್ರೆ: ಬಹಿಷ್ಕಾರವೂ ಹೊಟ್ಟೆಯ ಅನ್ನವೂ

ಊರಿನವರೂ ನಂಟರೂ ಕೂಡಿ ಒಬ್ಬನನ್ನು ಹೊರಗೆ ಹಾಕಿದರೆ ಅವನಿಗೆ ಏನೇನು ಸಂಭವಿಸುತ್ತದೆಂಬದನ್ನು ನಮ್ಮ ಗ್ರಾಮಸಭೆಗಳವರಿಗೆ ಯಾರೂ ಕಲಿಸಬೇಕಾದದ್ದಿಲ್ಲ. ನಮ್ಮ ಹಿರಿಯರು ದೀಕ್ಷಾಸ್ನಾನ ಹೊಂದಿದ ಕಾಲದಲ್ಲಿ ಅನೇಕರಿಗೆ ಗೇಣಿಯ ಗದ್ದೆ ಬಿಟ್ಟುಹೋಯಿತು; ಅಂಗಡಿಯವನು ಸಾಲ ಕೊಡಲೊಲ್ಲದೆ ಹೋದನು; ಕ್ಷೌರಿಕನೂ ಅಗಸನೂ ಬಾಗಲಿಗೆ ಬರಲಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು 1851ರಲ್ಲಿ ನೇಯ್ಗೆಯ ಕೆಲಸವನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ನಡಿಸತೊಡಗಿದ್ದಕ್ಕೆ ಒಂದು ಮುಖ್ಯ ಕಾರಣವು ಇದೇ. ಜಾತಿಯಿಂದ ಹೊರಬಿದ್ದವರಿಗೆ ಹೊಟ್ಟೆಯ ಪಾಡು ಬೇಕಾಗಿತ್ತು.

ಆದರೆ ಹೊರಗೆ ಹಾಕಿಸಿಕೊಂಡವರು ತಾವೇ ಒಂದು ದಿವಸ ಹೊರಗೆ ಹಾಕುವವರಾಗುವದುಂಟು. ಇದನ್ನು ನಾವು ಚೆನ್ನಾಗಿ ತಿಳುಕೊಳ್ಳುವ ಹಾಗೆ ಹಾಲೆಂಡ್ ದೇಶದಲ್ಲಿದ್ದ ಬಾರೂಕ ಸ್ಪಿನೋಜನೆಂಬ ಯೆಹೂದ್ಯ ಪಂಡಿತನ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ. ದೇವರೂ ಪ್ರಕೃತಿಯೂ ಒಂದೇ ಎಂಬ ಅವನ ಬೋಧನೆಯನ್ನು ನಾವು ಅಂಗೀಕರಿಸುವವರಲ್ಲ. ಆದರೂ ಅವನಿಗೆ ಸಂಭವಿಸಿದ್ದರಲ್ಲಿ ನಮಗೆ ದೊಡ್ಡ ಪಾಠವಿದೆ.

ಮೊದಲು ಅವನ ಜನರ ಸಂಗತಿಯನ್ನು ಹೇಳಬೇಕು. 1492ರಲ್ಲಿ ಸ್ಪೇನ್ ದೇಶದ ಅರಸರು ಯೆಹೂದ್ಯರನ್ನೆಲ್ಲಾ ದೇಶದಿಂದ ಹೊರಡಿಸಿಬಿಟ್ಟರು. ಪೋರ್ತುಗಾಲಿಗೆ ಓಡಿಹೋದವರಿಗೆ 1497ರಲ್ಲಿ ಬಲಾತ್ಕಾರದಿಂದ ದೀಕ್ಷಾಸ್ನಾನ ಮಾಡಿಸಲಾಯಿತು. ಅನಂತರ ಅವರ ಮನೆಯೊಳಗಿನ ಆಚಾರವನ್ನು ಗೂಢಚಾರರು ವಿಚಾರಿಸಿದರು, ಸಿಕ್ಕಿಬಿದ್ದವರ ಆಸ್ತಿಯನ್ನು ಕಸಕೊಂಡರು, ಕೆಲವರನ್ನು ಸುಟ್ಟುಬಿಟ್ಟರು. ಕ್ರೈಸ್ತರೆನ್ನಿಸಿಕೊಂಡವರು ಇದನ್ನು ಮಾಡಿದರೆಂಬದನ್ನು ನಾವು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಸುಮಾರು 1600ರಿಂದ ಈ ಜನರಲ್ಲಿ ಅನೇಕರು ಆಂಸ್ಟರ್‌ಡಾಮ್ ಪಟ್ಟಣವನ್ನು ಸೇರಿ ಸಭಾಮಂದಿರವನ್ನು ಕಟ್ಟಿಕೊಂಡು ಸಮಾಧಾನದಿಂದ ಜೀವಿಸತೊಡಗಿದರು. ಆದರೆ ಅವರು ಕ್ರೈಸ್ತ ಮತಕ್ಕೆ ವಿರೋಧವಾಗಿ ಮಾತಾಡಲೂ ಬರೆಯಲೂ ಕೂಡದೆಂದು ಪಟ್ಟಣದ ಅಧಿಕಾರಿಗಳು 1616ರಲ್ಲಿ ಕಟ್ಟು ಮಾಡಿದರು. ಆದಕಾರಣ ತಮ್ಮಲ್ಲಿ ಒಬ್ಬನು ಅಡ್ಡಮಾತು ಆಡಿದರೂ ಆಶ್ರಯವು ತಪ್ಪೀತೆಂಬ ಭಯವು ಹಿರಿಯರ ಮನಸ್ಸನ್ನು ಬಿಡಲಿಲ್ಲ.

ಇಂಥ ಜನರಲ್ಲಿ ಬಾರೂಕನು 1632ನೆಯ ನವೆಂಬರ್ 24ರಲ್ಲಿ ಹುಟ್ಟಿದನು. ಅದು ಪ್ರವಾದಿಯಾದ ಯೆರೆಮೀಯನ ಲೇಖಕನ ಹೆಸರು. ಆಶೀರ್ವಾದ ಹೊಂದಿದವನೆಂಬದು ಅದರ ಅರ್ಥ. ತಂದೆಯಾದ ಮೀಕಾಯೇಲನು ತೆಂಕಣ ದೇಶಗಳಿಂದ ಒಣಹಣ್ಣು, ಎಣ್ಣೆ, ದ್ರಾಕ್ಷಾರಸ ಮುಂತಾದವುಗಳನ್ನು ತರಿಸಿ ಮಾರುವ ವರ್ತಕನು. ಸಭೆಯ ಹಿರಿಯರಲ್ಲಿಯೂ ಒಬ್ಬನಾಗಿದ್ದವನು. ಹುಡುಗನಿಗೆ ಆರು ವರುಷವಾಗುವ ಮೊದಲೇ ತಾಯಿಯು ತೀರಿಹೋದಳು. 1649ರಲ್ಲಿ ಅಣ್ಣನಾದ ಇಸಾಕನು ಸತ್ತದ್ದರಿಂದ ಅವನು ಓದು ಕಡಿಮೆ ಮಾಡಿ ವ್ಯಾಪಾರಕ್ಕೆ ಕೈಹಾಕಬೇಕಾಯಿತು. 1654ರಲ್ಲಿ ತಂದೆಯೂ ತೀರಿಕೊಂಡನು. ಆಗ ಬಾರೂಕನೂ ತಮ್ಮನಾದ ಗಬ್ರಿಯೇಲನೂ ಕೂಡಿ ತಮ್ಮಿಬ್ಬರ ಹೆಸರಿನಲ್ಲಿ ವ್ಯಾಪಾರವನ್ನು ನಡಿಸಿದರು. 1652ರಿಂದ 1654ರ ವರೆಗೆ ಇಂಗ್ಲಿಷರಿಗೂ ಡಚ್ಚರಿಗೂ ನಡೆದ ಯುದ್ಧದಲ್ಲಿ ಹಡಗುಗಳು ಹಿಡಿಯಲ್ಪಟ್ಟು ಅನೇಕ ವರ್ತಕರಿಗೆ ನಷ್ಟವಾಗಿತ್ತು. ತಂದೆಯ ಸಾಲವೂ ಮಕ್ಕಳ ಮೇಲೆ ಬಿದ್ದಿತ್ತು.

ಈ ವ್ಯಾಪಾರವು ಯಾವದರ ಮೇಲೆ ನಿಂತಿತ್ತೆಂಬದನ್ನು ಗಮನಿಸಬೇಕು. ಸರಕು ದೂರದ ರೇವುಗಳಿಂದ ಬರುತ್ತಿತ್ತು. ಅಲ್ಲಿ ಕೊಂಡು ಕಳುಹಿಸುವವನು ಸ್ವಜನದವನು. ಇಲ್ಲಿ ಸಾಲ ಕೊಡುವವನೂ ಹೊಣೆ ನಿಲ್ಲುವವನೂ ಸ್ವಜನದವರೇ. ಮದುವೆಯ ಸಂಬಂಧವೂ ಅಂಗಡಿಯ ಲೆಕ್ಕವೂ ಒಂದೇ ನೂಲಿನಲ್ಲಿ ನೇಯಲ್ಪಟ್ಟಿದ್ದವು. ಒಬ್ಬ ವರ್ತಕನ ಬಂಡವಾಳದಲ್ಲಿ ಹಣಕ್ಕಿಂತ ಹೆಚ್ಚಾದದ್ದು ಜನರ ನಂಬಿಕೆಯೇ.

ಈ ಮಧ್ಯದಲ್ಲಿ ಬಾರೂಕನು ಲತೀನ್ ಭಾಷೆಯನ್ನೂ ಹೊಸ ತತ್ವಶಾಸ್ತ್ರವನ್ನೂ ಕಲಿಯುತ್ತಾ, ಪೂರ್ವಿಕರ ಬೋಧನೆಯಲ್ಲಿ ಅನೇಕ ಸಂಗತಿಗಳನ್ನು ನಂಬದೆ ಹೋದನು. 1656ನೆಯ ಮಾರ್ಚಿಯಲ್ಲಿ, ತನಗೆ ಇಪ್ಪತ್ತೈದು ವರುಷ ತುಂಬಲಿಲ್ಲವೆಂಬ ಕಾರಣದಿಂದ ಪಟ್ಟಣದ ಅಧಿಕಾರಿಗಳ ಮೂಲಕ ಪಾಲಕನನ್ನು ನೇಮಿಸಿಕೊಂಡು ತಂದೆಯ ಸಾಲದ ಭಾರದಿಂದ ತಪ್ಪಿಸಿಕೊಂಡನು. ಸಭಾಮಂದಿರಕ್ಕೆ ಆಗಾಗ್ಗೆ ಬಂದು ಮೌನವಾಗಿದ್ದರೆ ವರುಷಕ್ಕೆ ಸಾವಿರ ಗಿಲ್ಡರ್ ಹಣ ಕೊಡುತ್ತೇವೆಂದು ಹಿರಿಯರು ಆಶೆ ತೋರಿಸಿದರೆಂದೂ ಅವನು ಅದನ್ನು ಒಲ್ಲೆನೆಂದೂ ಅವನ ಚರಿತ್ರೆಯನ್ನು ಮೊದಲು ಬರೆದವರು ತಿಳಿಸುತ್ತಾರೆ.

ಕಡೆಗೆ 1656ನೆಯ ಜುಲೈ 27ರಲ್ಲಿ ಸಭಾಮಂದಿರದಲ್ಲಿ ಬಹಿಷ್ಕಾರದ ಪತ್ರವು ಓದಲ್ಪಟ್ಟಿತು. ಆಶೀರ್ವಾದವೆಂಬ ಹೆಸರುಳ್ಳವನ ಮೇಲೆ ಹಗಲೂ ರಾತ್ರಿಯೂ ಶಾಪವಿರಲೆಂದು ಸಾರಿದರು. ಅವನ ಸಂಗಡ ಯಾರೂ ಮಾತಾಡಬಾರದು, ಪತ್ರ ಬರೆಯಬಾರದು, ಉಪಕಾರ ಮಾಡಬಾರದು, ಒಂದೇ ಮಾಡಿನ ಕೆಳಗೆ ಇರಬಾರದು, ಅವನಿಗೆ ನಾಲ್ಕು ಮೊಳದ ಒಳಗೆ ಬರಬಾರದು, ಅವನು ಬರೆದದ್ದನ್ನು ಓದಬಾರದು. ಅವನಿಗೆ ಆಗ ಇಪ್ಪತ್ತಮೂರು ವರುಷ.

ಈ ಪತ್ರದಲ್ಲಿ ವ್ಯಾಪಾರವೆಂಬ ಮಾತನ್ನು ಹೆಸರಿಸಬೇಕಾದ ಅಗತ್ಯವೇ ಇರಲಿಲ್ಲ. ಮಾತಾಡದವನೊಂದಿಗೆ ಕ್ರಯ ಗೊತ್ತುಮಾಡುವದು ಹೇಗೆ? ಪತ್ರ ಬರೆಯಕೂಡದವನಿಗೆ ಸರಕು ಕಳುಹಿಸುವದು ಹೇಗೆ? ನಾಲ್ಕು ಮೊಳದ ಆಚೆ ನಿಂತು ಒಂದೇ ಅಂಗಡಿಯಲ್ಲಿ ಕೂಡುವದು ಹೇಗೆ? ತಮ್ಮನಾದ ಗಬ್ರಿಯೇಲನು ಸಭೆಯಲ್ಲಿಯೇ ಉಳಿದನು. ಹೀಗಿರಲಾಗಿ ಅಣ್ಣತಮ್ಮಂದಿರ ಪಾಲುಗಾರಿಕೆಯು ಮುರಿದುಹೋಯಿತು. ಕೆಲವು ವರುಷಗಳ ತರುವಾಯ ಗಬ್ರಿಯೇಲನು ಸಮುದ್ರ ದಾಟಿ ಪಶ್ಚಿಮ ದ್ವೀಪಗಳಿಗೆ ಹೊರಟುಹೋದನು.

ಬಹಿಷ್ಕಾರವು ಮನುಷ್ಯನನ್ನು ಏನು ಮಾಡುತ್ತದೆಂಬದನ್ನು ಬಾರೂಕನು ಮೊದಲೇ ಅರಿತವನಾಗಿದ್ದನು. ಅವನು ಚಿಕ್ಕ ಹುಡುಗನಾಗಿದ್ದಾಗ ಅದೇ ಸಭೆಯಲ್ಲಿ ಉರಿಯೇಲ ದ ಕೋಸ್ತನೆಂಬವನು ಹೊರಗೆ ಹಾಕಲ್ಪಟ್ಟಿದ್ದನು. ಸ್ವಂತ ಸಹೋದರರೂ ಅವನನ್ನು ಬಿಟ್ಟರು. ಅನೇಕ ವರುಷ ಒಂಟಿಯಾಗಿದ್ದು ಸಾಕಾಗಿ, ಮನಸ್ಸಿನಲ್ಲಿ ಇಲ್ಲದ ಪಶ್ಚಾತ್ತಾಪವನ್ನು ಬಾಯಿಂದ ಹೇಳಿ, ಮೂವತ್ತೊಂಬತ್ತು ಪೆಟ್ಟು ತಿಂದು, ಸಭಾಮಂದಿರದ ಹೊಸ್ತಿಲಿನಲ್ಲಿ ಮಲಗಿ, ಜನರೆಲ್ಲಾ ತನ್ನನ್ನು ದಾಟಿಹೋಗುವಂತೆ ಮಾಡಿಕೊಂಡನು. ಆ ಅವಮಾನವನ್ನು ತಾಳಲಾರದೆ 1640ರಲ್ಲಿ ತನ್ನ ಪ್ರಾಣವನ್ನು ತಾನೇ ತಕ್ಕೊಂಡನು. ಬಾರೂಕನ ಸ್ನೇಹಿತನಾದ ಪ್ರಾದೋ ಎಂಬ ವೈದ್ಯನು ಸಭೆಯ ಧರ್ಮದ ಹಣದಿಂದ ಸಂಸಾರ ಸಾಗಿಸುತ್ತಿದ್ದನು. ಆದಕಾರಣ ಅವನು ಮೊದಲು ತಪ್ಪೊಪ್ಪಿಗೆ ಮಾಡಿದನು. 1658ರಲ್ಲಿ ಅವನಿಗೂ ಬಹಿಷ್ಕಾರವಾಯಿತು. ವಾಚಕರೇ, ಅನ್ನದ ಬಾಗಲನ್ನು ಮುಚ್ಚಿ ತರಿಸಿದ ಪಶ್ಚಾತ್ತಾಪವು ಎಂಥಾದ್ದು? ಹೊಟ್ಟೆಯು ಮಾತಾಡುತ್ತದೆ, ಹೃದಯವು ಸುಮ್ಮನಿರುತ್ತದೆ. ಈ ಉಪಾಯದಿಂದ ಸಭೆಗೆ ಸಿಕ್ಕುವದು ಕಪಟಿಯೇ ಹೊರತು ವಿಶ್ವಾಸಿಯಲ್ಲ.

ಬಾರೂಕನು ಕಪಟಿಯಾಗದೆ ಉಳಿದದ್ದು ಹೇಗೆ? ಒಂದನೆಯದು, ಅವನು ಕೈಕೆಲಸ ಕಲಿತನು. ಪಂಡಿತರೂ ಒಂದು ಕಸಬನ್ನು ತಿಳಿದಿರಬೇಕೆಂಬ ಪದ್ಧತಿಯು ಯೆಹೂದ್ಯರಲ್ಲಿ ಪೂರ್ವದಿಂದ ಉಂಟು. ಅಪೊಸ್ತಲನಾದ ಪೌಲನು ಡೇರೆ ಮಾಡುವದನ್ನು ಬಲ್ಲವನಾಗಿದ್ದನಲ್ಲವೇ. ಬಾರೂಕನು ಸೂಕ್ಷ್ಮದರ್ಶಕಕ್ಕೂ ದೂರದರ್ಶಕಕ್ಕೂ ಬೇಕಾದ ಗಾಜುಗಳನ್ನು ತಯಾರಿಸುವದನ್ನು ಕಲಿತನು. ಗಾಜಿನ ಬಿಲ್ಲೆಯನ್ನು ಬಟ್ಟಲಿನಂತೆ ತಗ್ಗಾದ ಲೋಹದ ಅಚ್ಚಿನಲ್ಲಿ ಪುಡಿ ಹಾಕಿ ಉಜ್ಜಿ ಉಜ್ಜಿ, ಕಡೆಗೆ ಕಣ್ಣಿಗೆ ಒಂದು ಗೀಟೂ ತೋರದಂತೆ ನಯಮಾಡಬೇಕು. ತಾಳ್ಮೆಯಿಲ್ಲದವನಿಗೆ ಇದು ಸಾಗದು. ಶನಿಗ್ರಹದ ಉಪಗ್ರಹವನ್ನು ಕಂಡುಹಿಡಿದ ಹೈಗನ್ಸ್ ಎಂಬ ಶಾಸ್ತ್ರಜ್ಞನು ಅವನ ಗಾಜುಗಳ ನಯವನ್ನು ಹೊಗಳಿದನು. ಈ ಗಿರಾಕಿಗಳು ಅವನ ಮತವನ್ನು ಕೇಳಲಿಲ್ಲ, ಗಾಜನ್ನು ಪರೀಕ್ಷಿಸಿದರು.

ಎರಡನೆಯದು, ಅವನಿಗೆ ಹೊರಗಿನ ಸ್ನೇಹಿತರಿದ್ದರು. ಅವರಲ್ಲಿ ಕೆಲವರು ಮೆನ್ನೊನೈಟರೆಂಬ ಪ್ರೊಟೆಸ್ಟಂಟ್ ಪಂಗಡದ ವರ್ತಕರು. ಡೆ ವ್ರೀಸ್ ಎಂಬ ಸ್ನೇಹಿತನು ಎರಡು ಸಾವಿರ ಗಿಲ್ಡರ್ ಕೊಡಬಂದರೆ ಅವನು ತಕ್ಕೊಳ್ಳಲಿಲ್ಲ. ಆ ಸ್ನೇಹಿತನು ಸತ್ತ ಮೇಲೆ ಅವನ ಮನೆಯವರು ವರುಷಕ್ಕೆ ಐದುನೂರು ಕೊಡಲು ಬಂದಾಗ ಮುನ್ನೂರು ಸಾಕೆಂದನು. ಅವನು 1661ರಲ್ಲಿ ರೈನ್ಸ್‌ಬರ್ಗಿಗೂ, 1663ರಲ್ಲಿ ವೋರ್ಬರ್ಗಿಗೂ, 1670ರಲ್ಲಿ ಹೇಗ್ ಪಟ್ಟಣಕ್ಕೂ ಹೋಗಿ ಬಾಡಿಗೆಯ ಕೋಣೆಯಲ್ಲಿ ವಾಸಿಸಿ, ಸರಳವಾಗಿ ಉಂಡು, ಹಗಲಲ್ಲಿ ಗಾಜು ಉಜ್ಜುತ್ತಾ ರಾತ್ರಿಯಲ್ಲಿ ಬರೆಯುತ್ತಾ ಇದ್ದನು. 1673ರಲ್ಲಿ ಹೈಡಲ್‌ಬರ್ಗಿನ ವಿದ್ಯಾಪೀಠದಲ್ಲಿ ಉಪಾಧ್ಯಾಯನಾಗಬೇಕೆಂದು ಅಲ್ಲಿನ ಪ್ರಭುವು ಕರಿಸಿದನು. ಆದರೆ ಸ್ಥಾಪಿತವಾದ ಮತವನ್ನು ಕದಲಿಸಬಾರದೆಂಬ ನಿಬಂಧನೆಯಿತ್ತು. ಅದರ ಮೇರೆಯು ಎಲ್ಲಿಯವರೆಗೋ ತಿಳಿಯದೆ ಅವನು ಆ ಉದ್ಯೋಗವನ್ನು ಬಿಟ್ಟುಬಿಟ್ಟನು. ಮರುವರುಷವೇ ಹಾಲೆಂಡಿನ ಪ್ರೊಟೆಸ್ಟಂಟ್ ಸರಕಾರದವರು ಅವನ ಪುಸ್ತಕವೊಂದನ್ನು ನಿಷೇಧಿಸಿದರು. ಆದದರಿಂದ ಯೆಹೂದ್ಯರನ್ನು ಮಾತ್ರ ದೂಷಿಸುವದು ನ್ಯಾಯವಲ್ಲ.

1677ನೆಯ ಫೆಬ್ರವರಿ 21ರಲ್ಲಿ ಅವನು ಎದೆಯ ರೋಗದಿಂದ ನಾಲ್ವತ್ತನಾಲ್ಕನೆಯ ವಯಸ್ಸಿನಲ್ಲಿ ಸತ್ತನು. ಗಾಜಿನ ಧೂಳು ಅವನ ಶ್ವಾಸಕೋಶಕ್ಕೆ ಕೇಡು ಮಾಡಿರಬೇಕೆಂದು ಅನೇಕರು ಎಣಿಸುತ್ತಾರೆ. ಇಪ್ಪತ್ತು ವರುಷ ದೂರವಿದ್ದ ಸಹೋದರಿಯಾದ ರೆಬೆಕ್ಕಳು ಆಗ ಅವನ ಸೊತ್ತಿಗಾಗಿ ಬಂದಳು. ಸಾಲ ತೀರಿಸಿದರೆ ಏನೂ ಉಳಿಯದೆಂದು ಕಂಡು ಹಿಂತಿರುಗಿದಳು. ನಾಲ್ಕು ಮೊಳದ ಅಂತರವು ಒಂದೇ ತಾಯಿತಂದೆಯ ಮನೆಯವರನ್ನು ಎಲ್ಲಿಗೆ ತಂದು ನಿಲ್ಲಿಸಿತೆಂದು ನೋಡಿರಿ.

ತರುವಾಯ ಅವನ ಜೀವಚರಿತ್ರೆಯನ್ನು ಬರೆದವರಲ್ಲಿ ಒಬ್ಬನು ಕೊಲೇರುಸನೆಂಬ ಲುಥೆರನ್ ಬೋಧಕನು. ಇವನು ಆ ಬೋಧನೆಯನ್ನು ಕಠಿಣವಾಗಿ ಖಂಡಿಸಿದನು. ಆದರೂ ಅವನು ಮನೆಯವರೊಂದಿಗೆ ಮೃದುವಾಗಿದ್ದನೆಂದೂ, ಸಾಲಕ್ಕೆ ಬೀಳದಂತೆ ಲೆಕ್ಕವನ್ನು ಆಗಾಗ್ಗೆ ನೋಡಿಕೊಳ್ಳುತ್ತಿದ್ದನೆಂದೂ, ಲುಥೆರನ್ ಮತದ ಮನೆಯೊಡತಿಗೆ ಅವಳ ಮತದಲ್ಲಿಯೇ ಸಮಾಧಾನವಾಗಿ ಬಾಳೆಂದು ಹೇಳಿದನೆಂದೂ ಯಥಾರ್ಥವಾಗಿ ಸಾಕ್ಷಿಕೊಟ್ಟನು. ಬೋಧನೆಯನ್ನು ತಿರಸ್ಕರಿಸಿಯೂ ಮನುಷ್ಯನಿಗೆ ನ್ಯಾಯ ಮಾಡಬಹುದೆಂಬದಕ್ಕೆ ಇದೇ ದೃಷ್ಟಾಂತ.

ಈಗ ನಮ್ಮ ವಿಷಯಕ್ಕೆ ಬರೋಣ. ಸಭೆಯಲ್ಲಿ ಶಿಸ್ತು ಬೇಡವೆಂದು ನಾವು ಹೇಳುವದಿಲ್ಲ. ತಪ್ಪಿದವನನ್ನು ಕರ್ತನ ಮೇಜಿನಿಂದ ಸ್ವಲ್ಪ ಕಾಲ ದೂರವಿಡುವದಕ್ಕೆ ಸಭೆಗೆ ಅಧಿಕಾರವುಂಟು. ಆದರೆ ಕರ್ತನ ಮೇಜು ಬೇರೆ, ಅವನ ಮನೆಯ ಗಂಜಿಯ ಬಟ್ಟಲು ಬೇರೆ. ಸ್ಪಿನೋಜನು ಹುಟ್ಟಿದ 1632ರಲ್ಲಿಯೇ ಮೆನ್ನೊನೈಟರು ಡೋರ್ಟ್‌ರೆಕ್ಟಿನಲ್ಲಿ ಮಾಡಿದ ವಿಶ್ವಾಸಪ್ರಮಾಣದಲ್ಲಿ, ಹೊರಗೆ ಹಾಕಲ್ಪಟ್ಟವನನ್ನು ಬಿಟ್ಟು ದೂರವಿರಬೇಕೆಂದು ವಿಧಿಸಿದರೂ, ಅವನು ಹಸಿದರೆ, ಬಾಯಾರಿದರೆ, ಬಟ್ಟೆಯಿಲ್ಲದೆ ಹೋದರೆ, ರೋಗದಲ್ಲಿ ಬಿದ್ದರೆ ಸಹಾಯ ಮಾಡಲೇಬೇಕೆಂದೂ, ಶಿಸ್ತು ಅವನ ನಾಶಕ್ಕಲ್ಲ ತಿದ್ದುಪಾಟಿಗಾಗಿ ಇರಬೇಕೆಂದೂ ಒಪ್ಪಿಕೊಂಡರು.

ಇದನ್ನು ನಾವು ಇನ್ನೂ ಒಂದು ಹೆಜ್ಜೆ ಮುಂದೆ ನಡಿಸಬೇಕು. ಹಸಿದ ಮೇಲೆ ಅನ್ನ ಕೊಡುವದಕ್ಕಿಂತ ಹಸಿಯದಂತೆ ಕೂಲಿಯನ್ನು ಬಿಡಿಸದಿರುವದು ಮೇಲು. ನಮ್ಮ ಸಭೆಯಲ್ಲಿ ಒಬ್ಬನು ಶಿಸ್ತಿಗೆ ಒಳಗಾದರೆ, ಅಥವಾ ಬೇರೆ ಸಭೆಗೆ ಹೋದರೆ, ಅವನ ಅಂಗಡಿಯಲ್ಲಿ ಉಪ್ಪು ಕೊಳ್ಳುವದನ್ನು ಬಿಡಬೇಡಿರಿ. ನಾಟಿಗೆ ಅವನ ಹೆಂಡತಿಯನ್ನು ಕರೆಯದೆ ಇರಬೇಡಿರಿ. ಅವನು ಮಾಡಿದ ಕೆಲಸದ ಕೂಲಿಯನ್ನು ತಡೆಯಬೇಡಿರಿ. ಕೆಲಸ ಕೊಡುವ ಕೈಯೂ ಸಭೆಯನ್ನು ನಡಿಸುವ ಕೈಯೂ ಒಂದೇ ಆಗಿರುವಲ್ಲಿ ವಿಶೇಷ ಜಾಗ್ರತೆಯು ಬೇಕು. ಅಲ್ಲಿ ದುಡಿಯುವವನು ದೇವರಿಗೆ ಹೆದರುತ್ತಾನೋ ಧಣಿಗೆ ಹೆದರುತ್ತಾನೋ ಎಂಬದು ಅವನಿಗೇ ತಿಳಿಯದೆ ಹೋದೀತು. ಮಕ್ಕಳಿಗೆ ಓದಿನ ಸಂಗಡ ಒಂದು ಕೈಕೆಲಸವನ್ನೂ ಕಲಿಸಿರಿ. ಅದು ಕಷ್ಟಕಾಲದಲ್ಲಿ ಮನಸ್ಸಾಕ್ಷಿಗೆ ಊರುಗೋಲಾಗುವದು.

ಗೇಣಿ ಬಿಟ್ಟುಹೋದ ದಿವಸ ನಮ್ಮ ಅಜ್ಜಿಯರು ಒಲೆ ಹೊತ್ತಿಸದೆ ಕೂತದ್ದನ್ನು ನಾವು ಮರೆಯದೆ ಇರೋಣ. ಆ ಒಲೆಯ ಬೂದಿಯು ನಮ್ಮ ಕೈಯಿಂದ ಇನ್ನೊಬ್ಬನ ಮನೆಯಲ್ಲಿ ಬೀಳದಂತೆ ದೇವರು ನಮ್ಮನ್ನು ಕಾಯಲಿ.