ಜೇನ್ ಆಸ್ಟೆನ್ ಮತ್ತು ಆಕೆಯ ದಂಪತಿಗಳು

ಪ್ರಣಯದ ಕಥೆಗಳನ್ನು ಬರೆದು ಜಗತ್ಪ್ರಸಿದ್ಧಳಾದ ಜೇನ್ ಆಸ್ಟೆನ್ ತಾನು ಮಾತ್ರ ಕೊನೆಯವರೆಗೂ ಅವಿವಾಹಿತೆಯಾಗಿಯೇ ಉಳಿದಳು. ಆಕೆಯ ಕಾದಂಬರಿಗಳನ್ನು ಓದುವಾಗ ನಾವೆಲ್ಲರೂ ತರುಣ ನಾಯಕ ನಾಯಿಕೆಯರ ಮೇಲೆಯೇ ಕಣ್ಣಿಟ್ಟಿರುತ್ತೇವೆ. ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದವರಾದರೋ, ಅವರ ಹಿಂದೆ ಸದ್ದಿಲ್ಲದೆ ನಿಂತಿರುವ, ಮದುವೆಯಾಗಿ ಹಲವು ವರ್ಷ ಕಳೆದ ದಂಪತಿಗಳು. ಆಕೆಯ ಜೀವನವನ್ನು ಬಲ್ಲವರಿಗೆ ಈ ದಂಪತಿಗಳ ಬೆಲೆ ಇನ್ನೂ ಚೆನ್ನಾಗಿ ತಿಳಿದೀತು.

ಜೇನ್ 1775ನೆಯ ಡಿಸೆಂಬರ್ 16ರಂದು ಇಂಗ್ಲೆಂಡಿನ ಹ್ಯಾಂಪ್‌ಷೈರಿನ ಸ್ಟೀವೆಂಟನ್ ಗ್ರಾಮದಲ್ಲಿ ಜನಿಸಿದಳು. ತಂದೆ ಅಲ್ಲಿಯ ಪಾದ್ರಿ. ಎಂಟು ಮಂದಿ ಮಕ್ಕಳಲ್ಲಿ ಈಕೆ ಏಳನೆಯವಳು. ಅಕ್ಕ ಕಸ್ಸಾಂಡ್ರಾಳಿಗೆ ನಿಶ್ಚಯವಾಗಿದ್ದ ವರ 1797ರಲ್ಲಿ ವೆಸ್ಟ್ ಇಂಡೀಸಿನಲ್ಲಿ ಜ್ವರದಿಂದ ಮಡಿದನು. ಅಕ್ಕ ಮತ್ತೆ ಮದುವೆಯ ಮಾತೆತ್ತಲಿಲ್ಲ. 1802ರ ಡಿಸೆಂಬರಿನಲ್ಲಿ ಹ್ಯಾರಿಸ್ ಬಿಗ್‌-ವಿದರ್ ಎಂಬ ಶ್ರೀಮಂತ ಯುವಕನು ಜೇನಳ ಕೈ ಬೇಡಿದನು. ಸಂಜೆ ಒಪ್ಪಿದ ಆಕೆ ಮರುದಿನ ಬೆಳಿಗ್ಗೆ ಒಪ್ಪಿಗೆಯನ್ನು ಹಿಂತೆಗೆದುಕೊಂಡಳು. ಆ ಮದುವೆಯಿಂದ ಆಕೆಗೂ ಮನೆಯವರಿಗೂ ಭದ್ರವಾದ ಆಸರೆ ದೊರೆಯುತ್ತಿತ್ತು. 1805ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ ಮಕ್ಕಳು ಸೋದರರ ನೆರವನ್ನೇ ನಂಬಿ ಬಾಳಬೇಕಾಯಿತು. 1809ರಲ್ಲಿ ಅಣ್ಣ ಎಡ್ವರ್ಡ್ ಚಾಟನ್ ಎಂಬ ಹಳ್ಳಿಯಲ್ಲಿ ಮನೆಯೊಂದನ್ನು ಕೊಟ್ಟನು. ಅಲ್ಲಿ ನೆಲೆ ನಿಂತ ಮೇಲೆಯೇ ಆಕೆಯ ಕಾದಂಬರಿಗಳು, ಹೆಸರಿಲ್ಲದೆ, ಒಂದೊಂದಾಗಿ ಬೆಳಕು ಕಂಡವು.

1813ರಲ್ಲಿ ಪ್ರಕಟವಾದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಐವರು ಅಕ್ಕತಂಗಿಯರ, ಹಲವು ವರರ ದೊಡ್ಡ ಸಂಸಾರ. ಎಲಿಜಬೆತ್‌ಳ ತಂದೆತಾಯಿಗಳ ದಾಂಪತ್ಯವೋ ಹೊಂದಿಕೆಯಿಲ್ಲದ್ದು. ಈ ಗದ್ದಲದ ನಡುಗಂಬವೆಂದರೆ ಲಂಡನ್ನಿನ ವ್ಯಾಪಾರಿ ಗಾರ್ಡಿನರ್ ಮತ್ತು ಅವನ ಮಡದಿ. ಎಲಿಜಬೆತ್‌ಳನ್ನು ಡಾರ್ಸಿಯ ಮನೆಗೆ ಕರೆದೊಯ್ಯುವವರು ಅವರು. ಓಡಿಹೋದ ಲಿಡಿಯಾಳ ಸಲುವಾಗಿ ಲಂಡನ್ನಿನಲ್ಲಿ ಅಲೆಯುವವನು ಆ ಸೋದರಮಾವ.

‘ಪರ್ಸುಯೇಷನ್’ನಲ್ಲಿ ಅಡ್ಮಿರಲ್ ಕ್ರಾಫ್ಟ್ ದಂಪತಿಗಳು ಆನ್‌ಳ ತಂದೆಯ ಬಂಗಲೆಯನ್ನು ಬಾಡಿಗೆಗೆ ಹಿಡಿಯದಿದ್ದರೆ, ಎಂಟು ವರ್ಷ ಅಗಲಿದ್ದ ಪ್ರೇಮಿಗಳು ಮತ್ತೆ ಸಂಧಿಸುತ್ತಲೇ ಇರಲಿಲ್ಲ, ಕ್ರಾಫ್ಟನ ಮಡದಿ ನಾಯಕನ ಅಕ್ಕ. ಗಂಡನೊಡನೆ ಹಡಗಿನಲ್ಲಿ ನಾಲ್ಕು ಬಾರಿ ಅಟ್ಲಾಂಟಿಕ್ ದಾಟಿದ ಧೀರೆ ಆಕೆ. ಒಂಟಿ ಕುದುರೆಯ ಗಾಡಿಯಲ್ಲಿ ಹೋಗುವಾಗ ಗಂಡ ಇನ್ನೇನು ಕಂಬಕ್ಕೆ ಗುದ್ದುವನೆನ್ನುವಾಗ ಆಕೆ ಗಾಬರಿಯಿಲ್ಲದೆ ಲಗಾಮನ್ನು ಸ್ವಲ್ಪ ತಿರುಗಿಸುತ್ತಾಳೆ. ಪಕ್ಕದಲ್ಲಿ ಕುಳಿತ ಆನ್ ಅದನ್ನು ನೋಡುತ್ತಾಳೆ. ಜೇನಳ ಇಬ್ಬರು ಸೋದರರು ನೌಕಾಪಡೆಯಲ್ಲಿದ್ದರು. ಅಂಥ ಮನೆಗಳನ್ನು ಆಕೆ ಹತ್ತಿರದಿಂದ ಬಲ್ಲಳು.

1817ನೆಯ ಜುಲೈ 18ರಂದು, 41ನೆಯ ವಯಸ್ಸಿನಲ್ಲಿ, ಜೇನ್ ವಿಂಚೆಸ್ಟರಿನಲ್ಲಿ ಕಾಲವಾದಳು. ‘ಪರ್ಸುಯೇಷನ್’ ಅಚ್ಚಾದುದು ಅನಂತರ.

ಪ್ರಣಯದ ಕಥೆ ಮದುವೆಗೆ ಮುಗಿಯುತ್ತದೆ. ಆ ಬಳಿಕ ಬಾಳು ಹೇಗಿರಬಹುದೆಂಬುದನ್ನು ಆಕೆ ಈ ಹಿರಿಯ ದಂಪತಿಗಳಲ್ಲಿ ಮೊದಲೇ ತೋರಿಸಿಬಿಡುತ್ತಾಳೆ. ಅವರಿಲ್ಲದಿದ್ದರೆ ತರುಣರ ಹಂಬಲಕ್ಕೆ ಗುರಿಯೇ ಇರುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ಬರಿಯ ಆಸರೆಗಾಗಿ ಮದುವೆಯಾಗಲೊಲ್ಲದ ಹೆಣ್ಣು ಕಂಡ ದಾಂಪತ್ಯ ಇದು. ಪಠ್ಯಪುಸ್ತಕವೆಂದು ಅವಸರದಿಂದ ಓದುವ ನನ್ನ ಸಹಪಾಠಿಗಳು ಆ ಗಾಡಿಯ ಪುಟದಲ್ಲಿ ಒಂದು ಗಳಿಗೆ ನಿಲ್ಲಲಿ.