ಜಾರ್ಜ್ ಗ್ಯಾಮೋ: ಜೀವದ ಕೋಡಿಗೆ ಕೈ ಹಾಕಿದ ಫಿಸಿಕ್ಸ್ ಮೇಷ್ಟ್ರು

ಪೆನ್‌ಡ್ರೈವ್ ಒಳಗೆ ಇರೋದು ಸೊನ್ನೆ ಮತ್ತು ಒಂದು. ನಮ್ಮ ಜೀವಕೋಶಗಳ ಡಿಎನ್‌ಎ ಒಳಗೆ ಇರೋದು ನಾಲ್ಕು ಅಕ್ಷರ: ಎ, ಟಿ, ಜಿ, ಸಿ. ಡಿಎನ್‌ಎ ಅಂದ್ರೆ ಮಾಹಿತಿ, ಅದೊಂದು ಕೋಡ್ ಅನ್ನೋ ಮಾತು ಇವತ್ತು ನಮಗೆ ಎಷ್ಟು ಸಹಜ ಆಗಿಬಿಟ್ಟಿದೆ ಅಂದ್ರೆ, ಒಂದು ಕಾಲದಲ್ಲಿ ಯಾರೋ ಕೂತು ಇದನ್ನು ಮೊದಲ ಸಲ ಲೆಕ್ಕದ ಸಮಸ್ಯೆಯಾಗಿ ಬರೆದರು ಅನ್ನೋದೇ ಹೊಳೆಯೋದಿಲ್ಲ. ಹಾಗೆ ಬರೆದವರು ಬಯಾಲಜಿಯವರೂ ಅಲ್ಲ, ಕೆಮಿಸ್ಟ್ರಿಯವರೂ ಅಲ್ಲ. ಪರಮಾಣು, ನಕ್ಷತ್ರ ಅಂತ ತಲೆ ಕೆಡಿಸಿಕೊಂಡಿದ್ದ ಭೌತವಿಜ್ಞಾನಿ ಜಾರ್ಜ್ ಗ್ಯಾಮೋ. ಅವರು ಕೊಟ್ಟ ಉತ್ತರ ತಪ್ಪಾಗಿತ್ತು. ಆದರೂ ಅವರ ಹೆಸರು ಉಳಿದಿದೆ. ಯಾಕೆ ಅಂತ ನೋಡೋಣ.

ಗ್ಯಾಮೋ ಹುಟ್ಟಿದ್ದು 1904ರ ಮಾರ್ಚ್ 4ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ಊರಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯದಲ್ಲಿತ್ತು, ಈಗ ಉಕ್ರೇನಿನಲ್ಲಿದೆ. ಅಪ್ಪ ಅಮ್ಮ ಇಬ್ಬರೂ ಶಿಕ್ಷಕರು. ಒಂಬತ್ತನೇ ವಯಸ್ಸಿಗೇ ತಾಯಿ ತೀರಿಕೊಂಡರು. ಹದಿಮೂರನೇ ಹುಟ್ಟುಹಬ್ಬಕ್ಕೆ ಅಪ್ಪ ಒಂದು ಟೆಲಿಸ್ಕೋಪ್ ತಂದುಕೊಟ್ಟರು. ಮನೆಯಲ್ಲಿ ಒಂದು ಪುಟ್ಟ ಮೈಕ್ರೋಸ್ಕೋಪೂ ಇತ್ತು. ಚರ್ಚಿನಲ್ಲಿ ಪ್ರಸಾದವಾಗಿ ಕೊಡುವ ರೊಟ್ಟಿ ನಿಜಕ್ಕೂ ಕ್ರಿಸ್ತನ ಮಾಂಸ ಆಗುತ್ತಾ ಅಂತ ಹುಡುಗನಿಗೆ ಅನುಮಾನ. ಚೂರೊಂದನ್ನು ನುಂಗದೆ ಕೆನ್ನೆಯೊಳಗೆ ಇಟ್ಟುಕೊಂಡು ಮನೆಗೆ ಓಡಿಬಂದು, ಮೈಕ್ರೋಸ್ಕೋಪಿನ ಕೆಳಗಿಟ್ಟು, ಮಾಮೂಲಿ ರೊಟ್ಟಿಯ ಜೊತೆ ಹೋಲಿಸಿ ನೋಡಿದ. ಎರಡೂ ಒಂದೇ ಥರ ಕಂಡವು. ತಾನು ವಿಜ್ಞಾನಿಯಾಗಿದ್ದು ಬಹುಶಃ ಅವತ್ತೇ ಅಂತ ಗ್ಯಾಮೋ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡರು.

ಲೆನಿನ್‌ಗ್ರಾಡಿನಲ್ಲಿ ಓದು ಮುಂದುವರಿಸಿ 1928ರಲ್ಲಿ ಜರ್ಮನಿಯ ಗಟ್ಟಿಂಗೆನ್‌ಗೆ ಹೋದರು. ಅಲ್ಲಿ ಎಲ್ಲರೂ ಕ್ವಾಂಟಮ್ ಸಿದ್ಧಾಂತವನ್ನು ಅಣು ಪರಮಾಣುಗಳ ಮೇಲೆ ಪ್ರಯೋಗಿಸ್ತಾ ಇದ್ದರೆ, ಇವರು ಪರಮಾಣುವಿನ ನ್ಯೂಕ್ಲಿಯಸ್ಸಿನ ಕಡೆ ತಿರುಗಿದರು. ಆಲ್ಫಾ ಕಣಕ್ಕೆ ಹೊರಗೆ ಬರೋವಷ್ಟು ಶಕ್ತಿ ಇಲ್ಲ, ಆದರೂ ಅದು ಹೊರಗೆ ಬರುತ್ತೆ. ಹೇಗೆ? ಗೋಡೆ ಹತ್ತಿ ಬರಲ್ಲ, ಗೋಡೆಯೊಳಗಿಂದಲೇ ತೂರಿ ಬರುತ್ತೆ ಅಂತ ಲೆಕ್ಕ ಹಾಕಿ ತೋರಿಸಿದರು. ನಾವು ಓದುವ ಟನೆಲಿಂಗ್ ಇದೇ. ಆಗ ಅವರಿಗೆ 24 ವರ್ಷ. ಇದೇ ಲೆಕ್ಕ ನೋಡಿ ಧೈರ್ಯ ಬಂದು ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ 1932ರಲ್ಲಿ ಕೇಂಬ್ರಿಜ್‌ನಲ್ಲಿ ಲಿಥಿಯಂ ನ್ಯೂಕ್ಲಿಯಸ್ಸನ್ನು ಒಡೆದರು.

ಹೊರಗಡೆ ಇಷ್ಟು ಹೆಸರು ಬಂದರೂ ಸೋವಿಯತ್ ದೇಶದೊಳಗೆ ಗ್ಯಾಮೋಗೆ ಉಸಿರು ಕಟ್ಟತೊಡಗಿತ್ತು. ಯಾವ ಸಿದ್ಧಾಂತ ಪಕ್ಷದ ತತ್ವಕ್ಕೆ ಸರಿಹೊಂದುತ್ತೆ ಅಂತ ನೋಡಿ ಮಾತಾಡಬೇಕಾದ ಕಾಲ ಅದು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಕೊಡೋದನ್ನೂ ನಿಲ್ಲಿಸಿದರು. 1932ರಲ್ಲಿ ಗ್ಯಾಮೋ ಮತ್ತು ಹೆಂಡತಿ ಲ್ಯುಬೊವ್ ಒಂದು ಕಯಾಕ್ ದೋಣಿ ಹೊಂದಿಸಿಕೊಂಡು, ಕ್ರಿಮಿಯಾದ ದಂಡೆಯಿಂದ ಕಪ್ಪು ಸಮುದ್ರ ದಾಟಿ ಟರ್ಕಿಗೆ ಹೋಗಿಬಿಡೋಣ ಅಂತ ಹೊರಟರು. ಸುಮಾರು 250 ಕಿಲೋಮೀಟರ್ ದೂರ, ಹುಟ್ಟು ಹಾಕಿಕೊಂಡೇ! ಮೊದಲ ದಿನ ಸಮುದ್ರ ಶಾಂತವಾಗಿತ್ತು. ಆಮೇಲೆ ಗಾಳಿ ಎದ್ದು ದೋಣಿಯನ್ನು ವಾಪಸ್ ದಂಡೆಗೇ ತಂದು ಹಾಕಿತು. ಉತ್ತರದಲ್ಲಿ ಮುರ್ಮಾನ್ಸ್ಕ್ ಕಡೆಯಿಂದ ನಾರ್ವೆಗೆ ದಾಟುವ ಇನ್ನೊಂದು ಯತ್ನವೂ ಕೈಗೂಡಲಿಲ್ಲ. ಕೊನೆಗೆ 1933ರಲ್ಲಿ ಬ್ರಸೆಲ್ಸ್‌ನ ಸಾಲ್ವೇ ಸಮ್ಮೇಳನಕ್ಕೆ ಹೋಗಲು ಅವಕಾಶ ಸಿಕ್ಕಾಗ, ಹೆಂಡತಿಗೂ ಅನುಮತಿ ಬೇಕೇ ಬೇಕು ಅಂತ ಪಟ್ಟು ಹಿಡಿದು ಇಬ್ಬರೂ ಹೊರಟರು. ಮತ್ತೆ ವಾಪಸ್ ಹೋಗಲಿಲ್ಲ. 1934ರಿಂದ ವಾಷಿಂಗ್ಟನ್‌ನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡತೊಡಗಿದರು.

ಅಮೆರಿಕದಲ್ಲಿ ಗ್ಯಾಮೋ ಎರಡು ಕಾರಣಕ್ಕೆ ಪ್ರಸಿದ್ಧರಾದರು. ಒಂದು, ಬಿಗ್ ಬ್ಯಾಂಗ್. ವಿಶ್ವದ ಮೊದಲ ನಿಮಿಷಗಳಲ್ಲಿ ಮೂಲವಸ್ತುಗಳು ಹೇಗೆ ಹುಟ್ಟಿದವು ಅಂತ ತಮ್ಮ ವಿದ್ಯಾರ್ಥಿ ರಾಲ್ಫ್ ಆಲ್ಫರ್ ಜೊತೆ 1948ರಲ್ಲಿ ಒಂದು ಪ್ರಬಂಧ ಬರೆದರು. ಆಲ್ಫಾ, ಬೀಟಾ, ಗಾಮಾ ಅಂತ ಸಾಲು ಸರಿಹೋಗಲಿ ಅನ್ನೋ ತಮಾಷೆಗೆ, ಆ ಕೆಲಸ ಮಾಡಿರದ ಹಾನ್ಸ್ ಬೆಥೆ ಅವರ ಹೆಸರನ್ನೂ ಮಧ್ಯೆ ಸೇರಿಸಿದರು. ಅದು ಅಚ್ಚಾಗಿದ್ದು ಏಪ್ರಿಲ್ 1ಕ್ಕೆ. ಎಲ್ಲರೂ ನಕ್ಕರು, ಆದರೆ ಆಲ್ಫರ್‌ಗೆ ನಗು ಬರಲಿಲ್ಲ. ಎರಡು ದೊಡ್ಡ ಹೆಸರುಗಳ ಪಕ್ಕ ತನ್ನ ದುಡಿಮೆ ಯಾರ ಕಣ್ಣಿಗೂ ಬೀಳಲ್ಲ ಅನ್ನೋ ಸಂಕಟ ಅವರದು. ಗೈಡ್ ಕೆಳಗೆ ಪ್ರಾಜೆಕ್ಟ್ ಮಾಡೋರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ. ಎರಡನೆಯದು, ಜನಸಾಮಾನ್ಯರಿಗಾಗಿ ಬರೆದ ಪುಸ್ತಕಗಳು. ಮಿಸ್ಟರ್ ಟಾಂಪ್‌ಕಿನ್ಸ್ ಅನ್ನೋ ಬ್ಯಾಂಕ್ ಗುಮಾಸ್ತನ ಕನಸುಗಳ ಮೂಲಕ ರಿಲೇಟಿವಿಟಿ ಹೇಳಿಕೊಟ್ಟವರು ಇವರೇ. ಈ ಬರವಣಿಗೆಗೆ 1956ರಲ್ಲಿ ಯುನೆಸ್ಕೋದ ಕಳಿಂಗ ಪ್ರಶಸ್ತಿ ಬಂತು. ಅದನ್ನು ಸ್ಥಾಪಿಸಿದ್ದು ನಮ್ಮ ಒಡಿಶಾದ ಬಿಜು ಪಟ್ನಾಯಕ್.

ಈಗ ಅಸಲಿ ವಿಷಯಕ್ಕೆ ಬರೋಣ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಜೋಡಿ ಸುರುಳಿ ರಚನೆ ಪ್ರಕಟಿಸಿದರು. ಅವರ ಎರಡನೇ ಪ್ರಬಂಧ ಗ್ಯಾಮೋ ಕೈಗೆ ಸಿಕ್ಕಿತು. ಬಯಾಲಜಿಯಲ್ಲಿ ಅವರಿಗೆ ಯಾವ ತರಬೇತಿಯೂ ಇರಲಿಲ್ಲ. ಓದಿದ ತಕ್ಷಣ ಅವರಿಗೆ ಕಂಡಿದ್ದು ಸಂಖ್ಯೆ. ಪ್ರತಿ ಜೀವಿಯೂ ನಾಲ್ಕು ಅಂಕಿಗಳಲ್ಲಿ ಬರೆದ ಒಂದು ಉದ್ದನೆಯ ಸಂಖ್ಯೆ ಅಂದುಕೊಳ್ಳಿ. ಪ್ರೋಟೀನ್ ಅನ್ನೋದು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಸರ. ಹಾಗಾದ್ರೆ ನಾಲ್ಕು ಅಕ್ಷರದ ಭಾಷೆ ಇಪ್ಪತ್ತು ಅಕ್ಷರದ ಭಾಷೆಗೆ ತರ್ಜುಮೆ ಆಗೋದು ಹೇಗೆ? ಜುಲೈ 8ರಂದು ಕ್ರಿಕ್ ಮತ್ತು ವಾಟ್ಸನ್‌ಗೆ ಪತ್ರ ಬರೆದೇಬಿಟ್ಟರು. ಪರಿಚಯವಿಲ್ಲದ ಈ ಫಿಸಿಕ್ಸ್ ಮನುಷ್ಯನ ಪತ್ರವನ್ನು ಹೇಗೆ ತಗೋಬೇಕೋ ಅವರಿಗೆ ಮೊದಲು ಗೊತ್ತಾಗಲಿಲ್ಲ. ಆದರೆ ಗ್ಯಾಮೋ ಕೊಟ್ಟಿದ್ದ ಅಮೈನೋ ಆಮ್ಲಗಳ ಪಟ್ಟಿ ತಪ್ಪಿದೆ ಅಂತ ಕಂಡು, ಅವರಿಬ್ಬರೂ ಕೂತು ಸರಿಯಾದ ಇಪ್ಪತ್ತರ ಪಟ್ಟಿ ಮಾಡಿದರು. ಇವತ್ತಿಗೂ ಪಠ್ಯಪುಸ್ತಕದಲ್ಲಿರೋದು ಆ ಪಟ್ಟಿಯೇ.

ಲೆಕ್ಕ ಸರಳ. ಒಂದೊಂದೇ ಅಕ್ಷರ ಓದಿದರೆ 4 ಪದ. ಎರಡೆರಡು ಓದಿದರೆ 16, ಇಪ್ಪತ್ತಕ್ಕೆ ಸಾಲದು. ಮೂರು ಮೂರು ಓದಿದರೆ 64, ಬೇಕಾದ್ದಕ್ಕಿಂತ ಜಾಸ್ತಿ. 64 ಹೇಗೆ 20 ಆಗುತ್ತೆ? ಗ್ಯಾಮೋ ಸುರುಳಿಯ ಆಕಾರ ನೋಡಿದರು. ಅದರ ಮೆಟ್ಟಿಲುಗಳ ನಡುವೆ ವಜ್ರದಾಕಾರದ ಗುಳಿಗಳಿವೆ, ಒಂದೊಂದು ಗುಳಿಯಲ್ಲಿ ಒಂದೊಂದು ಅಮೈನೋ ಆಮ್ಲ ಕೂರುತ್ತೆ ಅಂತ ಊಹಿಸಿದರು. ಗುಳಿಗೆ ನಾಲ್ಕು ಮೂಲೆ. ಎಡ ಬಲ ಒಂದು ಜೋಡಿ; ಎಡಬಲ ಬದಲಾದರೂ ಒಂದೇ ಅಂದರೆ ಅದರಲ್ಲಿ ಎರಡೇ ಬಗೆ. ಮೇಲೆ ಕೆಳಗೆ ಯಾವ ಅಕ್ಷರವಾದರೂ ಇರಬಹುದು. ಮೇಲು ಕೆಳಗು ಲೆಕ್ಕಕ್ಕಿಲ್ಲ ಅಂದರೆ ಹತ್ತು ಬಗೆ. ಎರಡು ಹತ್ತಲೆ ಇಪ್ಪತ್ತು! ಇಷ್ಟು ಚೆಂದದ ಲೆಕ್ಕ ತಪ್ಪಾಗೋಕೆ ಸಾಧ್ಯವಾ? 1954ರ ಫೆಬ್ರವರಿಯಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂತು.

ಅದೇ ವರ್ಷ ಒಂದು ಕ್ಲಬ್ಬೂ ಶುರುವಾಯಿತು. ಹೆಸರು ಆರ್‌ಎನ್‌ಎ ಟೈ ಕ್ಲಬ್. ಅಮೈನೋ ಆಮ್ಲಕ್ಕೊಬ್ಬರಂತೆ 20 ಸದಸ್ಯರು, ನಾಲ್ಕು ಅಕ್ಷರಕ್ಕೆ 4 ಗೌರವ ಸದಸ್ಯರು. ಎಲ್ಲರಿಗೂ ಗ್ಯಾಮೋ ಅವರೇ ವಿನ್ಯಾಸ ಮಾಡಿದ ಟೈ, ಅದಕ್ಕೆ ಅವರವರ ಅಮೈನೋ ಆಮ್ಲದ ಹೆಸರಿನ ಪಿನ್. ಗ್ಯಾಮೋ ಅಲನಿನ್, ಕ್ರಿಕ್ ಟೈರೋಸಿನ್, ವಾಟ್ಸನ್ ಪ್ರೋಲಿನ್, ಫೈನ್‌ಮನ್ ಗ್ಲೈಸಿನ್. ನೋಡೋಕೆ ಹುಡುಗಾಟ. ಆದರೆ ಅರ್ಧಂಬರ್ಧ ಐಡಿಯಾಗಳನ್ನು ನಾಚಿಕೆಯಿಲ್ಲದೆ ಹಂಚಿಕೊಳ್ಳಲು ಒಂದು ಜಾಗ ಸಿಕ್ಕಿತು. ಅಕ್ಷರ ಮತ್ತು ಅಮೈನೋ ಆಮ್ಲದ ನಡುವೆ ಒಂದು ಮಧ್ಯವರ್ತಿ ಅಣು ಇರಲೇಬೇಕು ಅಂತ ಕ್ರಿಕ್ 1955ರಲ್ಲಿ ಬರೆದಿದ್ದು ಈ ಕ್ಲಬ್ಬಿನ ಸದಸ್ಯರಿಗೆ ಹಂಚಿದ ಟಿಪ್ಪಣಿಯಲ್ಲಿ. ಆ ಅಣು ಆಮೇಲೆ ನಿಜವಾಗಿಯೂ ಸಿಕ್ಕಿತು. ಅದೇ ಟಿ-ಆರ್‌ಎನ್‌ಎ.

ಗ್ಯಾಮೋ ಕೋಡ್ ಮಾತ್ರ ಉಳಿಯಲಿಲ್ಲ. ಅದರಲ್ಲಿ ಪದಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು: 1-2-3 ಒಂದು ಪದ, 2-3-4 ಇನ್ನೊಂದು. ಹಾಗಾದರೆ ಪಕ್ಕಪಕ್ಕದ ಎರಡು ಅಮೈನೋ ಆಮ್ಲಗಳಿಗೆ ಸಿಗೋದು ನಾಲ್ಕೇ ಅಕ್ಷರ, ಅಂದರೆ ಹೆಚ್ಚೆಂದರೆ 256 ಜೋಡಿ. ಇಪ್ಪತ್ತು ಆಮ್ಲಗಳಿಂದ 400 ಜೋಡಿ ಸಾಧ್ಯ. ಮಿಕ್ಕ ಜೋಡಿಗಳು ಪ್ರಕೃತಿಯಲ್ಲಿ ಕಾಣಿಸಲೇಬಾರದು. ಸ್ಯಾಂಗರ್ ಬಿಡಿಸಿಟ್ಟಿದ್ದ ಇನ್ಸುಲಿನ್ ಸರಕ್ಕೆ ಕ್ರಿಕ್ ಈ ವಜ್ರದ ಕೋಡನ್ನು ಹಚ್ಚಿ ನೋಡಿದರು, ಕೂರಲಿಲ್ಲ. ಗ್ಯಾಮೋ ಸುಮ್ಮನಾಗಲಿಲ್ಲ. ಬೇರೆ ಕೋಡುಗಳನ್ನು ಕಟ್ಟಿದರು, ಮೆಟ್ರೊಪೊಲಿಸ್ ಜೊತೆ ಸೇರಿ ಲಾಸ್ ಅಲಾಮೋಸ್‌ನ ಮೇನಿಯಾಕ್ ಕಂಪ್ಯೂಟರನ್ನೇ ಈ ಕೆಲಸಕ್ಕೆ ಹಚ್ಚಿದರು. 1957ರಲ್ಲಿ ಸಿಡ್ನಿ ಬ್ರೆನರ್, ಹೀಗೆ ಮೂರಕ್ಷರದ ಪದಗಳು ಒಂದರೊಳಗೊಂದು ಸೇರಿಕೊಂಡ ಯಾವ ಕೋಡೂ ಸಾಧ್ಯವಿಲ್ಲ ಅಂತ ಎಣಿಕೆಯಿಂದಲೇ ತೋರಿಸಿಬಿಟ್ಟರು. ಗ್ಯಾಮೋ ಪ್ರಶ್ನೆಯನ್ನು ಎಷ್ಟು ಖಚಿತವಾಗಿ ಇಟ್ಟಿದ್ದರು ಅಂದ್ರೆ, ಅವರ ಉತ್ತರವನ್ನು ಪೆನ್ನು ಪೇಪರಿನಲ್ಲೇ ಹೊಡೆದುಹಾಕಬಹುದಿತ್ತು.

ನಿಜವಾದ ಉತ್ತರ ಬಂದಿದ್ದು ಲ್ಯಾಬಿನಿಂದ. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯ್ ಮೊದಲ ಪದ ಓದಿದರು. ಪಂಜಾಬಿನ ರಾಯಪುರದಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ಬೇಕಾದ ಅಕ್ಷರಗಳ ಸರವನ್ನು ತಾವೇ ತಯಾರಿಸಿ ಉಳಿದ ಪದಗಳನ್ನು ಬಿಡಿಸಲು ದಾರಿ ಮಾಡಿದರು. 1966ರ ಹೊತ್ತಿಗೆ 64 ಪದಗಳೂ ಗೊತ್ತಾದವು. ಮೂರು ಅಕ್ಷರಕ್ಕೊಂದು ಪದ ಅನ್ನೋದು ಸರಿಯಿತ್ತು. ಆದರೆ ಪದಗಳು ಒಂದರೊಳಗೊಂದು ಸೇರಿಕೊಂಡಿಲ್ಲ, ಒಂದೇ ಆಮ್ಲಕ್ಕೆ ಹಲವು ಪದಗಳಿವೆ, ಮೂರು ಪದಗಳು ಬರೀ ಪೂರ್ಣವಿರಾಮ. ಪ್ರಕೃತಿ ಗ್ಯಾಮೋ ಲೆಕ್ಕದಷ್ಟು ಅಚ್ಚುಕಟ್ಟಾಗಿ ಇರಲಿಲ್ಲ.

1956ರಿಂದ ಕೊಲರಾಡೋದಲ್ಲಿದ್ದ ಗ್ಯಾಮೋ 1968ರ ಆಗಸ್ಟ್ 19ರಂದು ಬೌಲ್ಡರ್‌ನಲ್ಲಿ ತೀರಿಕೊಂಡರು. ವಯಸ್ಸು 64. ಕೋಡಿನ ಪದಗಳೂ 64, ಕಾಕತಾಳೀಯ ಅಷ್ಟೆ. ಎರಡು ತಿಂಗಳು ಕಳೆದು ಅಕ್ಟೋಬರಿನಲ್ಲಿ ನಿರೆನ್‌ಬರ್ಗ್, ಖೊರಾನಾ ಮತ್ತು ಹಾಲಿಗೆ ನೊಬೆಲ್ ಘೋಷಣೆಯಾಯಿತು. ಗ್ಯಾಮೋಗೆ ಯಾವತ್ತೂ ನೊಬೆಲ್ ಬರಲಿಲ್ಲ.

ಅವರು ಹಾಕಿದ ದಾರಿಯಲ್ಲಿ ಮುಂದೆ ನಮ್ಮಂಥ ಬ್ರಾಂಚಿನವರು ಬಂದರು. 1994ರಲ್ಲಿ ಕಂಪ್ಯೂಟರ್ ವಿಜ್ಞಾನಿ ಲಿಯೊನಾರ್ಡ್ ಆಡಲ್‌ಮನ್ ಏಳು ಊರುಗಳ ದಾರಿ ಹುಡುಕುವ ಗ್ರಾಫ್ ಸಮಸ್ಯೆಯನ್ನು ಟೆಸ್ಟ್ ಟ್ಯೂಬಿನಲ್ಲಿ ಡಿಎನ್‌ಎ ತುಣುಕುಗಳಿಂದ ಬಿಡಿಸಿದರು. 2012ರಲ್ಲಿ ಜಾರ್ಜ್ ಚರ್ಚ್ ತಂಡ ಒಂದು ಇಡೀ ಪುಸ್ತಕವನ್ನು ಡಿಎನ್‌ಎಯಲ್ಲಿ ಬರೆದು ವಾಪಸ್ ಓದಿ ತೋರಿಸಿತು. ಒಂದು ಅಕ್ಷರಕ್ಕೆ ಗರಿಷ್ಠ ಎರಡು ಬಿಟ್ ಅನ್ನೋ ಲೆಕ್ಕ ಈಗ ನಮ್ಮಲ್ಲಿ ಯಾರು ಬೇಕಾದ್ರೂ ಹಾಕಬಹುದು. ಅಣುವನ್ನು ಹಾಗೆ ಎಣಿಸಬಹುದು ಅಂತ 1953ರಲ್ಲಿ, ತನ್ನದಲ್ಲದ ಸಬ್ಜೆಕ್ಟಿನವರಿಗೆ ಪತ್ರ ಬರೆದು ಹೇಳೋದು ಮಾತ್ರ ಅಷ್ಟು ಸುಲಭ ಇರಲಿಲ್ಲ. ನಗೆಪಾಟಲಾಗಬಹುದು ಅಂತ ಗೊತ್ತಿದ್ದೂ ಗ್ಯಾಮೋ ಆ ಪತ್ರವನ್ನು ಅಂಚೆಗೆ ಹಾಕಿದರು.