ಉಕ್ಕನ್ನು ಮುರಿಯದೆ ಅದರ ಬಲ ಅಳೆದವರು: ಯೋಹಾನ್ ಆಗಸ್ಟ್ ಬ್ರಿನೆಲ್

ಕಾಮರ್ಸ್ ಓದುವವರಿಗೆ ಉಕ್ಕಿನ ಎಂಜಿನಿಯರ್ ಒಬ್ಬರ ಜೀವನ ಚರಿತ್ರೆಯಿಂದ ಏನು ಕೆಲಸ ಎಂದು ನಮ್ಮ ಕಾಲೇಜಿನ ಸೈನ್ಸ್ ವಿಭಾಗದವರು ನಗಬಹುದು. ನಗಲಿ. ಕಾರಣವನ್ನು ಸ್ವಲ್ಪ ಮುಂದೆ ಹೇಳುತ್ತೇನೆ.

ಮೊದಲು ಒಂದು ಪದದ ವಿಷಯ. ಕನ್ನಡದಲ್ಲಿ ನಾವು ಕಲ್ಲಿಗೂ ಗಟ್ಟಿ ಎನ್ನುತ್ತೇವೆ, ಹಗ್ಗಕ್ಕೂ ಗಟ್ಟಿ ಎನ್ನುತ್ತೇವೆ. ನಮ್ಮ ಮನೆಯ ಉರ್ದುವಿನಲ್ಲಿ ಇವು ಬೇರೆ ಬೇರೆ. ಒತ್ತಿದರೂ ಗೀಚಿದರೂ ಬಗ್ಗದ್ದು ಸಖ್ತ್. ಎಳೆದರೂ ಹರಿಯದ್ದು ಮಜ್ಬೂತ್. ಗಾಜು ಸಖ್ತ್, ಆದರೆ ಕೈಜಾರಿದರೆ ಚೂರುಚೂರು. ಎಂಜಿನಿಯರುಗಳೂ ಇವೆರಡನ್ನು ಬೇರೆಯಾಗಿಯೇ ಇಟ್ಟಿದ್ದಾರೆ. ಒಂದು ಗಡಸುತನ, ಇನ್ನೊಂದು ಕರ್ಷಣ ಬಲ, ಅಂದರೆ ಎಳೆತವನ್ನು ತಡೆಯುವ ಶಕ್ತಿ. ಉಕ್ಕಿನಲ್ಲಿ ಮೊದಲನೆಯದನ್ನು ಅಳೆದು ಎರಡನೆಯದನ್ನು ಅಂದಾಜು ಮಾಡುವ ದಾರಿ ತೆರೆದವರು ಬ್ರಿನೆಲ್.

ಯೋಹಾನ್ ಆಗಸ್ಟ್ ಬ್ರಿನೆಲ್ 1849ರಲ್ಲಿ ಸ್ವೀಡನ್ ದೇಶದ ಬ್ರಿಂಗೆತೋಫ್ತಾ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಬೋರೋಸ್ ಪಟ್ಟಣದ ತಾಂತ್ರಿಕ ಶಾಲೆಯಲ್ಲಿ ಓದಿ ಕೆಲಸಕ್ಕೆ ಇಳಿದರು. 1875ರಲ್ಲಿ ಲೆಶೋಫೋರ್ಸ್ ಕಬ್ಬಿಣದ ಕಾರ್ಖಾನೆಗೆ ಎಂಜಿನಿಯರ್ ಆಗಿ ಸೇರಿದರು. 1882ರಲ್ಲಿ ಫಾಗರ್ಸ್ತಾ ಎಂಬಲ್ಲಿನ ಕಾರ್ಖಾನೆಯ ಮುಖ್ಯ ಎಂಜಿನಿಯರ್ ಆದರು. ಅದು ಸ್ವೀಡನ್ನಿನ ಹಳೆಯ ಗಣಿ ಸೀಮೆ. ಅಲ್ಲಿ ಅದಿರಿತ್ತು, ಕಾಡಿತ್ತು, ಕಾಡಿನ ಇದ್ದಿಲಿನಿಂದಲೇ ಕುಲುಮೆ ಉರಿಯುತ್ತಿತ್ತು. ನಮ್ಮ ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆಯೂ ಆರಂಭದಲ್ಲಿ ಮಲೆನಾಡಿನ ಮರದ ಇದ್ದಿಲನ್ನೇ ನಂಬಿತ್ತು.

ಫಾಗರ್ಸ್ತಾದಲ್ಲಿ ಅವರು ಉಕ್ಕನ್ನು ಕಾಯಿಸಿದಾಗ, ತಣಿಸಿದಾಗ ಅದರ ಒಳಗಿನ ಹರಳುಗಳ ರಚನೆ ಹೇಗೆ ಬದಲಾಗುತ್ತದೆ ಎಂದು ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದರು. ವಿದ್ವಾಂಸರು ಗಮನಿಸಿದ ಅವರ ಮೊದಲ ಕೆಲಸ ಅದು. ಆದರೆ ಕಾರ್ಖಾನೆಯವರಿಗೆ ದಿನಾ ಕಾಡುತ್ತಿದ್ದ ಪ್ರಶ್ನೆ ಬೇರೆ. ಇವತ್ತು ತಯಾರಾದ ಮಾಲು ನಿನ್ನೆಯದರಷ್ಟೇ ಬಲವಾಗಿದೆಯೇ? ಅದನ್ನು ತಿಳಿಯಲು ಒಂದು ತುಂಡನ್ನು ಕತ್ತರಿಸಿ, ಲೇತ್‌ನಲ್ಲಿ ಸರಿಯಾದ ಅಳತೆಗೆ ತಿರುವಿ, ಯಂತ್ರದ ಎರಡು ಹಿಡಿತಗಳ ನಡುವೆ ಸಿಕ್ಕಿಸಿ, ಅದು ತುಂಡಾಗುವವರೆಗೆ ಎಳೆಯಬೇಕಿತ್ತು. ಇಲ್ಲಿಯೇ ಕಾಮರ್ಸ್ ವಿದ್ಯಾರ್ಥಿಗೆ ಕಿವಿ ನಿಮಿರುವುದು. ಪರೀಕ್ಷೆ ಮಾಡಿದ ಮಾಲು ಗುಜರಿಗೆ ಹೋಗುತ್ತದೆ, ಮಾರುವ ಮಾಲು ಪರೀಕ್ಷೆ ಇಲ್ಲದೆ ಹೋಗುತ್ತದೆ.

ಬ್ರಿನೆಲ್ ಮಾಡಿದ್ದು ಕೇಳಲು ಬಹಳ ಸರಳ. 10 ಮಿಲಿಮೀಟರ್ ವ್ಯಾಸದ ಗಡಸು ಉಕ್ಕಿನ ಗುಂಡನ್ನು ಲೋಹದ ಮೇಲಿಟ್ಟು 3000 ಕಿಲೋ ಭಾರದಿಂದ ಕೆಲವು ಸೆಕೆಂಡು ಒತ್ತುವುದು. ಗುಂಡನ್ನು ತೆಗೆದರೆ ಒಂದು ದುಂಡನೆಯ ಗುಳಿ ಉಳಿಯುತ್ತದೆ. ಗುಳಿಯ ವ್ಯಾಸವನ್ನು ಭೂತಗನ್ನಡಿಯಲ್ಲಿ ಅಳೆದು, ಅದರ ಬಾಗಿದ ಮೇಲ್ಮೈಯ ವಿಸ್ತೀರ್ಣವನ್ನು ಲೆಕ್ಕ ಹಾಕಿ, ಭಾರವನ್ನು ಅದರಿಂದ ಭಾಗಿಸಿದರೆ ಬರುವುದೇ ಬ್ರಿನೆಲ್ ಸಂಖ್ಯೆ. ಗುಳಿ 4 ಮಿಲಿಮೀಟರ್ ಇದ್ದರೆ ಸಂಖ್ಯೆ 229. ಇದನ್ನು ನಾನೇ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಮಾಡಿ ನೋಡಿದ್ದೇನೆ. ಪಿಯುಸಿ ಗಣಿತ ಬೇಕಿಲ್ಲ, ಹತ್ತನೇ ತರಗತಿಯ ವರ್ಗಮೂಲ ಸಾಕು.

1900ರಲ್ಲಿ ಸ್ವೀಡಿಷ್ ತಾಂತ್ರಿಕ ಪತ್ರಿಕೆಯೊಂದರಲ್ಲಿ ಅವರು ಇದನ್ನು ವಿವರಿಸಿದರು. ಅದೇ ವರ್ಷ ಪ್ಯಾರಿಸ್‌ನ ಮಹಾ ವಸ್ತುಪ್ರದರ್ಶನದಲ್ಲಿ ಜಗತ್ತಿನ ಮುಂದಿಟ್ಟರು. ಮರುವರ್ಷ ಆಕ್ಸೆಲ್ ವಾಲ್‌ಬರ್ಗ್ ಎಂಬುವರು ಇಂಗ್ಲಿಷಿನಲ್ಲಿ ಬರೆದು ಬ್ರಿಟನ್ನಿನ ಉಕ್ಕಿನ ಉದ್ಯಮದವರಿಗೆ ತಲುಪಿಸಿದರು. ಗಡಸುತನದ ಸಂಖ್ಯೆಗೂ ಎಳೆತದ ಬಲಕ್ಕೂ ನಂಟಿದೆ ಎಂಬುದೇ ಎಲ್ಲರ ಗಮನ ಸೆಳೆದ ಸಂಗತಿ. ಸಾಧಾರಣ ಉಕ್ಕಿಗೆ ಬ್ರಿನೆಲ್ ಸಂಖ್ಯೆಯನ್ನು 0.35ರಿಂದ ಗುಣಿಸಿದರೆ ಒಂದು ಚದರ ಮಿಲಿಮೀಟರ್ ಎಷ್ಟು ಕಿಲೋ ಎಳೆತ ತಡೆಯುತ್ತದೆ ಎಂಬ ಅಂದಾಜು ಸಿಗುತ್ತದೆ. 229 ಇದ್ದರೆ ಸುಮಾರು 80 ಕಿಲೋ. ಅಂದರೆ ಒಂದು ಚದರ ಮಿಲಿಮೀಟರ್ ದಪ್ಪದ ತಂತಿಯಲ್ಲಿ ನಮ್ಮ ಪಿ.ಟಿ. ಸರ್ ಅವರನ್ನು ತೂಗುಹಾಕಬಹುದು. (ಸರ್ ಕ್ಷಮಿಸಬೇಕು.)

ಒತ್ತುವುದಕ್ಕೂ ಎಳೆಯುವುದಕ್ಕೂ ಏನು ಸಂಬಂಧ? ಎರಡರಲ್ಲೂ ಲೋಹ ತನ್ನ ಜಾಗ ಬಿಟ್ಟು ಸರಿಯಬೇಕು. ಆದರೆ ಗುಂಡಿನ ಕೆಳಗಿನ ಲೋಹವನ್ನು ಸುತ್ತಲಿನ ಲೋಹ ಹಿಡಿದುಕೊಂಡಿರುತ್ತದೆ, ಸುಲಭವಾಗಿ ಸರಿಯಲು ಬಿಡುವುದಿಲ್ಲ. ಹಾಗಾಗಿ ಎಳೆಯುವಾಗ ಬೇಕಾದುದರ ಸುಮಾರು ಮೂರು ಪಟ್ಟು ಒತ್ತಡ ಇಲ್ಲಿ ಬೇಕು. ಹೀಗಾಗಿಯೇ ಬಲದ ಅಂಕಿ ಗಡಸುತನದ ಅಂಕಿಯ ಮೂರನೇ ಒಂದು ಭಾಗದ ಹತ್ತಿರ ಬರುತ್ತದೆ. ಇದನ್ನು ಬಿಡಿಸಿ ಹೇಳಿದ ಕೇಂಬ್ರಿಡ್ಜ್‌ನ ಡೇವಿಡ್ ಟೇಬರ್ ಅವರ ಪುಸ್ತಕ ಬಂದದ್ದು 1951ರಲ್ಲಿ. ಆ ಹೊತ್ತಿಗೆ ಕಾರ್ಖಾನೆಗಳು ಅರ್ಧ ಶತಮಾನದಿಂದ ಈ ಲೆಕ್ಕವನ್ನು ಬಳಸುತ್ತಲೇ ಇದ್ದವು.

ಈಗ ನನ್ನ ಕಾರಣ. ನನ್ನ ಮಾಮು ಒಂದು ಸಣ್ಣ ಲೇತ್ ಶೆಡ್ ನಡೆಸುತ್ತಾರೆ. ಟ್ರ್ಯಾಕ್ಟರಿಗೆ ಟ್ರಾಲಿ ಸಿಕ್ಕಿಸುವ ಪಿನ್ನುಗಳನ್ನು ತಿರುವಿ, ಹದ ಮಾಡಲು ಹೊರಗೆ ಕೊಟ್ಟು, ಆಮೇಲೆ ಮಾರುತ್ತಾರೆ. ಕಳೆದ ವರ್ಷ ಇನ್ನೂರು ಪಿನ್ನುಗಳು ವಾಪಸ್ ಬಂದವು. 229 ಇರಬೇಕಾದ ಕಡೆ 179 ಇದೆ ಎಂದು ಚೀಟಿ ಅಂಟಿಸಿದ್ದರು. ಗುಳಿಯ ಲೆಕ್ಕದಲ್ಲಿ ವ್ಯತ್ಯಾಸ ಎಷ್ಟು ಗೊತ್ತೇ? 4 ಮಿಲಿಮೀಟರ್ ಇರಬೇಕಾದದ್ದು ನಾಲ್ಕೂವರೆ ಆಗಿತ್ತು. ಆ ಅರ್ಧ ಮಿಲಿಮೀಟರ್ ಎಂದರೆ ಪ್ರತಿ ಚದರ ಮಿಲಿಮೀಟರಿಗೆ 80 ಕಿಲೋ ತಡೆಯಬೇಕಾದ ಪಿನ್ನು 63ಕ್ಕೇ ಸೋಲುತ್ತದೆ. ಎರಡು ತಿಂಗಳು ಹಣ ಬರಲಿಲ್ಲ, ಮಾಮಿಯ ಬಳೆ ಬ್ಯಾಂಕಿಗೆ ಹೋಯಿತು. ಮನೆಯಲ್ಲಿ ಎಲ್ಲರೂ ಆ ಚೀಟಿಯನ್ನು ಶಪಿಸಿದರು. ನಾನು ಶಪಿಸಲಾರೆ. ಕಬ್ಬಿನ ಹೊರೆಯ ಮೇಲೆ ಕೂಲಿಯವರನ್ನೂ ಕೂರಿಸಿಕೊಂಡು ಏರು ಹತ್ತುವ ಟ್ರಾಲಿಗಳನ್ನು ನಾವೆಲ್ಲ ನೋಡಿದ್ದೇವೆ. ಆ ಪಿನ್ನು ತುಂಡಾಗುವುದಾದರೆ ಏರಿನಲ್ಲಿಯೇ ತುಂಡಾಗುತ್ತದೆ. ಪಿನ್ನುಗಳನ್ನು ಮತ್ತೆ ಹದ ಮಾಡಿಸಿ ಕಳಿಸಿದರು, ಪಾಸಾದವು. ಎಳೆದು ನೋಡುವ ಪರೀಕ್ಷೆ ಮಾತ್ರ ಇದ್ದಿದ್ದರೆ ಒಂದೆರಡು ಪಿನ್ನು ಮುರಿದು ಉಳಿದವನ್ನು ನಂಬಿಕೆಯ ಮೇಲೆ ಬಿಡಬೇಕಿತ್ತು.

ಬ್ರಿನೆಲ್ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಬೀಡು ಕಬ್ಬಿಣದ ಒಳಗೆ ಗ್ರಾಫೈಟ್ ಪದರಗಳಿರುತ್ತವೆ, ಒತ್ತಿದಾಗ ಅದು ಸಹಿಸುತ್ತದೆ, ಎಳೆದಾಗ ಅಲ್ಲಿಂದಲೇ ಬಿರುಕು ಬಿಡುತ್ತದೆ. ಅದಕ್ಕೆ 0.35ರ ಲೆಕ್ಕ ಹಾಕಿದರೆ ಇಲ್ಲದ ಬಲ ಕಾಣಿಸುತ್ತದೆ. ಹಿತ್ತಾಳೆ, ತಾಮ್ರಗಳ ಲೆಕ್ಕವೂ ಬೇರೆ. ಹೊರಮೈಯನ್ನು ಮಾತ್ರ ಗಡಸು ಮಾಡಿದ ಭಾಗದಲ್ಲಿ ಗುಂಡು ಚರ್ಮದ ಸುದ್ದಿ ಹೇಳುತ್ತದೆ, ಹೊಟ್ಟೆಯದಲ್ಲ.

1903ರಿಂದ 1914ರವರೆಗೆ ಬ್ರಿನೆಲ್ ಸ್ವೀಡನ್ನಿನ ಕಬ್ಬಿಣ ಉದ್ಯಮಿಗಳ ಸಂಸ್ಥೆಯಾದ ಯೆರ್ನ್‌ಕೊಂಟೊರೆಟ್‌ನಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದರು. 1907ರಲ್ಲಿ ಬ್ರಿಟನ್ನಿನ ಬೆಸೆಮರ್ ಚಿನ್ನದ ಪದಕ ಬಂತು. ವಿಶ್ವವಿದ್ಯಾಲಯದ ಮೆಟ್ಟಿಲಿನಿಂದ ಅಲ್ಲ, ಕಾರ್ಖಾನೆಯ ನೆಲದಿಂದ ಮೇಲೆ ಬಂದವರಿಗೆ ಉಪ್ಸಲಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ನಿವೃತ್ತಿಯ ನಂತರವೂ ಅವರು ಸುಮ್ಮನಿರಲಿಲ್ಲ, ಉಕ್ಕು ಸವೆಯುವುದರ ಬಗ್ಗೆ ಪ್ರಯೋಗ ಮಾಡಿ 1921ರಲ್ಲಿ ಪ್ರಕಟಿಸಿದರು. 1925ರ ನವೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ತೀರಿಕೊಂಡರು.

ಇಂದು ಅವರ ಉಕ್ಕಿನ ಗುಂಡಿನ ಜಾಗಕ್ಕೆ ಟಂಗ್‌ಸ್ಟನ್ ಕಾರ್ಬೈಡ್ ಗುಂಡು ಬಂದಿದೆ. ಉಕ್ಕಿನ ಗುಂಡು ತೀರಾ ಗಡಸು ಲೋಹದ ಮೇಲೆ ತಾನೇ ಚಪ್ಪಟೆಯಾಗುತ್ತಿತ್ತು. ಹೆಸರು ಮಾತ್ರ ಉಳಿದಿದೆ, ಇನ್ನೊಂದು ವಿಚಿತ್ರ ಕಡೆಯಲ್ಲೂ ಉಳಿದಿದೆ. ಅತಿ ಭಾರ ಬಿದ್ದು ಬೇರಿಂಗಿನ ಒಳಗಿನ ಗುಂಡುಗಳು ತಮ್ಮ ದಾರಿಯಲ್ಲಿ ಗುಳಿ ಒತ್ತಿಬಿಟ್ಟರೆ, ಆ ಹಾನಿಗೆ ಎಂಜಿನಿಯರುಗಳು ಇಂದಿಗೂ ಬ್ರಿನೆಲ್ಲಿಂಗ್ ಎನ್ನುತ್ತಾರೆ.